ಕರಿಕಲ್ಲಿನ ಕಟ್ಟೆಯ ಮೇಲೆ ಬಿಳಿ ಪೊರೆ, ಮಂಕು ಬಳೆ: ಉಜ್ಜುವ ಮೊದಲು ಕಲ್ಲು ಯಾವುದೆಂದು ನೋಡಿ

ಪ್ರಶ್ನೆ: ತುಮಕೂರಿನಲ್ಲಿ ನಮ್ಮದು ಹಳೆಯ ಮನೆ. ಒಲೆ ಇರುವ ಕಟ್ಟೆಗೆ ಅಪ್ಪನ ಕಾಲದಲ್ಲೇ ಕರಿಕಲ್ಲು ಹಾಕಿಸಿದ್ದು. ಐದಾರು ವರ್ಷದ ಹಿಂದೆ ಅದನ್ನೇ ಉದ್ದ ಮಾಡಿಸಿ ಸಿಂಕ್ ಭಾಗಕ್ಕೆ ಕಪ್ಪು ಗ್ರಾನೈಟ್ ಹಾಕಿಸಿದೆವು. ಎದುರಿನ ಸಣ್ಣ ಕಟ್ಟೆಗೆ ತಿಳಿ ಬೂದು ಬಣ್ಣದ ಗ್ರಾನೈಟ್ ಇದೆ. ಈಗ ಸಿಂಕಿನ ಸುತ್ತ ಬಿಳಿ ಪೊರೆ ಕಟ್ಟಿದೆ. ಎಷ್ಟು ಉಜ್ಜಿದರೂ ಒಣಗಿದ ಮೇಲೆ ಮತ್ತೆ ಕಾಣುತ್ತದೆ. ಒಲೆಯ ಪಕ್ಕ ಲೋಟ, ಬಟ್ಟಲು ಇಟ್ಟಲ್ಲೆಲ್ಲ ಮಂಕು ಬಳೆಗಳು ಬಿದ್ದಿವೆ. ತಿಳಿ ಕಲ್ಲಿನ ಮೇಲೆ ಎಣ್ಣೆ, ಅರಿಶಿನದ ಕಲೆ. ವಿನೆಗರ್‌ಗೆ ಸೋಡಾ ಬೆರೆಸಿ ಹಚ್ಚಿ ಎಂದು ಒಬ್ಬರು, ಟಾಯ್ಲೆಟ್ ಕ್ಲೀನರ್ ಹಾಕಿ ಎಂದು ಇನ್ನೊಬ್ಬರು, ಕೊಬ್ಬರಿ ಎಣ್ಣೆ ಸವರಿದರೆ ಸಾಕು ಎಂದು ಮತ್ತೊಬ್ಬರು. ಪಾಲಿಶ್‌ನವರನ್ನು ಕರೆಸಬೇಕೇ, ಮನೆಯಲ್ಲೇ ಆಗುತ್ತದೆಯೇ?

ಉತ್ತರ: ಅರ್ಧದಷ್ಟು ಮನೆಯಲ್ಲೇ ಆಗುತ್ತದೆ. ಆದರೆ ನೀವು ಹೇಳಿದ ಮೂರು ತೊಂದರೆಗಳು ಮೂರು ಬೇರೆ ಬೇರೆ ಜಾತಿಯವು, ಒಂದರ ಮದ್ದು ಇನ್ನೊಂದಕ್ಕೆ ವಿಷ. ಸಿಂಕಿನ ಬಳಿ ಇರುವುದು ಕಲ್ಲಿನ ಮೇಲೆ ಕೂತ ಪದರ. ಒಲೆಯ ಪಕ್ಕ ಇರುವುದು ಬಹುಶಃ ಕಲ್ಲನ್ನು ಹುಳಿ ತಿಂದ ಗುರುತು. ತಿಳಿ ಕಲ್ಲಿನಲ್ಲಿರುವುದು ಕಲ್ಲಿನ ಒಳಗೆ ಇಳಿದ ಬಣ್ಣ. ಮೇಲೆ ಕೂತದ್ದನ್ನು ತೆಗೆಯಬೇಕು, ಒಳಗೆ ಇಳಿದದ್ದನ್ನು ಹೀರಬೇಕು, ತಿಂದು ಹೋದದ್ದನ್ನು ಮತ್ತೆ ಅರೆದು ನುಣುಪು ಮಾಡಬೇಕು.

ನಿಮ್ಮ ಹಳೆಯ ಕರಿಕಲ್ಲು ಗ್ರಾನೈಟ್ ಅಲ್ಲವೆಂದೇ ನನ್ನ ಊಹೆ. ಗ್ರಾನೈಟ್ ಸ್ಲ್ಯಾಬು ಮನೆಮನೆಗೆ ಬರುವ ಮೊದಲು ನಮ್ಮ ಕಡೆ ಅಡುಗೆ ಕಟ್ಟೆಗೆ ಹಾಕುತ್ತಿದ್ದದ್ದು ಹೆಚ್ಚಾಗಿ ಕಡಪ ಕಲ್ಲು. ಆಂಧ್ರದ ಕಡಪ ಜಿಲ್ಲೆಯಿಂದ ಬರುವ ಇದು ಸುಣ್ಣಕಲ್ಲಿನ ಜಾತಿ. ಕಲಬುರಗಿ ಕಡೆಯ ಶಹಾಬಾದ್ ಕಲ್ಲೂ ಇದೇ ಕುಲದ್ದು. ಕಪ್ಪು ಗ್ರಾನೈಟ್ ಎಂದು ಮಾರುವುದು, ಉದಾಹರಣೆಗೆ ಚಾಮರಾಜನಗರದ ಕರಿಕಲ್ಲು, ಭೂಮಿಯೊಳಗೆ ಕರಗಿದ ಶಿಲೆ ಬಿರುಕುಗಳಲ್ಲಿ ತಣ್ಣಗಾಗಿ ಗಟ್ಟಿಯಾದದ್ದು. ಭೂವಿಜ್ಞಾನಿಗಳು ಅದನ್ನು ಗ್ರಾನೈಟ್ ಎನ್ನುವುದಿಲ್ಲ, ಡಾಲರೈಟ್ ಎನ್ನುತ್ತಾರೆ. ಅಡುಗೆಮನೆಯ ಮಟ್ಟಿಗೆ ಆ ಹೆಸರಿನ ವ್ಯತ್ಯಾಸ ಮುಖ್ಯವಲ್ಲ. ಹುಳಿಗೆ ಜಗ್ಗುತ್ತದೋ ಇಲ್ಲವೋ ಎನ್ನುವುದು ಮುಖ್ಯ. ಸುಣ್ಣಕಲ್ಲು ಜಗ್ಗುತ್ತದೆ. ಕಡಪ, ಶಹಾಬಾದ್, ಕೋಟಾ, ಮಕ್ರಾನದ ಅಮೃತಶಿಲೆ ಎಲ್ಲವೂ ಆ ಸಾಲಿನವೇ.

ಖಚಿತ ಮಾಡಿಕೊಳ್ಳಲು ಹತ್ತು ನಿಮಿಷ ಸಾಕು. ಟಾರ್ಚ್ ಹಿಡಿದು ಕಟ್ಟೆಯ ಅಂಚನ್ನು ನೋಡಿ. ಕಡಪದ ಅಂಚಿನಲ್ಲಿ ಪದರ ಪದರ ಕಾಣುತ್ತದೆ, ಚಕ್ಕೆ ಎದ್ದ ಕಡೆ ಬಣ್ಣ ಬೂದಿ, ಮೇಲೆ ಪಾಲಿಶ್ ಇರುವಲ್ಲಿ ಮಾತ್ರ ಕಪ್ಪು. ಕಪ್ಪು ಗ್ರಾನೈಟ್‌ನಲ್ಲಿ ಪದರ ಇರುವುದಿಲ್ಲ, ಬೆಳಕು ಓರೆಯಾಗಿ ಬಿದ್ದಾಗ ಸಣ್ಣ ಹರಳುಗಳು ಮಿನುಗುತ್ತವೆ. ನಂತರ ಕಣ್ಣಿಗೆ ಬೀಳದ ಮೂಲೆಯೊಂದರಲ್ಲಿ, ಸ್ಟೌವ್ ಎತ್ತಿದರೆ ಅದರಡಿ, ಎರಡು ಹನಿ ನಿಂಬೆರಸ ಬಿಟ್ಟು ಐದು ನಿಮಿಷ ಕಾಯಿರಿ. ಗುಳ್ಳೆ ಬಂದರೆ ಸುಣ್ಣಕಲ್ಲು. ಗುಳ್ಳೆ ಬರಲಿಲ್ಲವೆಂದು ತಕ್ಷಣ ತೀರ್ಮಾನಿಸಬೇಡಿ. ಒತ್ತಾದ ಕಪ್ಪು ಸುಣ್ಣಕಲ್ಲಿನಲ್ಲಿ ನಿಂಬೆಯಂಥ ಮೆತ್ತನೆಯ ಹುಳಿಗೆ ಗುಳ್ಳೆ ಕಾಣದೆಯೂ ಇರಬಹುದು. ತೊಳೆದು ಒರೆಸಿ ಓರೆ ಬೆಳಕಿನಲ್ಲಿ ನೋಡಿ, ಹನಿ ಬಿದ್ದ ಜಾಗ ಮಂಕಾಗಿದ್ದರೆ ಅದೇ ಉತ್ತರ. ಮೂರನೆಯದು, ಕಟ್ಟೆಯ ತಳಭಾಗದಲ್ಲಿ ಕಬ್ಬಿಣದ ಮೊಳೆಯಿಂದ ಗೀಚುವುದು. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪನದಲ್ಲಿ ಸುಣ್ಣಕಲ್ಲು ಸುಮಾರು 3, ಮೊಳೆ ಸಲೀಸಾಗಿ ಗೆರೆ ಕೊರೆಯುತ್ತದೆ. ಗ್ರಾನೈಟ್‌ನ ಹರಳುಗಳು 6ರಿಂದ 7, ಅಲ್ಲಿ ಮೊಳೆಯೇ ಸವೆದು ಬೂದು ಗೆರೆ ಬಿಡುತ್ತದೆ.

ಇನ್ನೊಂದು ಪರೀಕ್ಷೆ ಸಿಂಕ್ ಭಾಗದ ಕಪ್ಪು ಕಲ್ಲಿಗೆ. ಬೂದಿ ಛಾಯೆಯ ಕಲ್ಲನ್ನು ಬಣ್ಣ ಅಥವಾ ಕರಿಮೇಣ ತಿಕ್ಕಿ ಅಚ್ಚ ಕಪ್ಪೆಂದು ಮಾರುವುದುಂಟು. ಬಿಳಿ ಹತ್ತಿಬಟ್ಟೆಗೆ ಸ್ವಲ್ಪ ಅಸಿಟೋನ್ (ಎಣ್ಣೆ, ಬಣ್ಣ ಕರಗಿಸುವ, ಬೇಗ ಹೊತ್ತಿಕೊಳ್ಳುವ ದ್ರವ) ಹಾಕಿ ಒಂದು ಮೂಲೆಯಲ್ಲಿ ಗಟ್ಟಿಯಾಗಿ ಒರೆಸಿ. ಬಟ್ಟೆಗೆ ಕಪ್ಪು ಹತ್ತಿದರೆ ನಿಮ್ಮ ಬಿಳಿಚಿದ ಜಾಗಗಳಲ್ಲಿ ಕೆಲವು ಕೊಳೆಯೂ ಅಲ್ಲ, ಕಲೆಯೂ ಅಲ್ಲ, ಬಣ್ಣ ಎದ್ದುಹೋಗಿ ಕಲ್ಲಿನ ನಿಜವಾದ ಮೈ ಕಾಣುತ್ತಿದೆ ಅಷ್ಟೆ. ಅದನ್ನು ಉಜ್ಜಿದಷ್ಟೂ ಹೆಚ್ಚುತ್ತದೆ. ಆಗ ಎರಡೇ ದಾರಿ: ಉಳಿದ ಬಣ್ಣವನ್ನೂ ಪೂರ್ತಿ ತೆಗೆದು ಸಮ ಮಾಡಿಕೊಳ್ಳುವುದು, ಇಲ್ಲವೇ ಹಾಗೇ ಬಿಡುವುದು.

ಈಗ ಸಿಂಕಿನ ಸುತ್ತಲಿನ ಬಿಳಿ ಪೊರೆ. ಒದ್ದೆಯಿದ್ದಾಗ ಮಾಯವಾಗಿ ಒಣಗಿದಾಗ ಕಾಣುತ್ತದೆ ಎಂದಿರಿ. ಇದಕ್ಕೆ ಕಾರಣ ಎರಡು, ಸಾಮಾನ್ಯವಾಗಿ ಎರಡೂ ಸೇರಿರುತ್ತವೆ. ಒಂದು ಬೋರ್‌ವೆಲ್ ನೀರು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿದ ಸುಣ್ಣದಂಥ ಖನಿಜ, ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಆಗಬಹುದು ಎಂದಿದೆ. ಗಡಸು ನೀರು ಕಟ್ಟೆಯ ಮೇಲೆ ನಿಂತು ಒಣಗಿದಾಗಲೆಲ್ಲ ಸುಣ್ಣದ ತೆಳುಪದರ ಉಳಿಯುತ್ತದೆ. ಎರಡನೆಯದನ್ನು ಯಾರೂ ಅನುಮಾನಿಸುವುದಿಲ್ಲ: ಪಾತ್ರೆ ತಿಕ್ಕುವ ಸೋಪಿನ ಬಾರು. ಅದರಲ್ಲಿ ಸೋಪಿನ ಅಂಶದ ಜೊತೆ ಸೋಡಾ ಮತ್ತು ನುಣ್ಣನೆಯ ಖನಿಜದ ಪುಡಿ ಇರುತ್ತದೆ. ಪಾತ್ರೆಯಾದರೆ ನೀರಿನಡಿ ಹಿಡಿದು ತೊಳೆಯುತ್ತೇವೆ, ಕಟ್ಟೆಯನ್ನು ಹಾಗೆ ತೊಳೆಯಲಾಗುವುದಿಲ್ಲ. ಬಾರು ಹಚ್ಚಿದ ಸ್ಕ್ರಬ್ಬರ್‌ನಲ್ಲೇ ಕಟ್ಟೆ ಉಜ್ಜಿ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಆ ಪುಡಿ ಅಲ್ಲೇ ಉಳಿದು ಒಣಗುತ್ತದೆ. ಕಪ್ಪು ಕಲ್ಲಿನ ಮೇಲೆ ಅದು ಎದ್ದು ಕಾಣುತ್ತದೆ.

ಆದ್ದರಿಂದ ಮೊದಲು ಸೋಪಿನ ಪೊರೆ ತೆಗೆಯಿರಿ. ಒಂದು ಲೀಟರ್ ಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು, ಹೆಚ್ಚು ಹಾಕಿದರೆ ಅದೇ ಹೊಸ ಪೊರೆಯಾಗುತ್ತದೆ. ಲೇಬಲ್ಲಿನ ಮೇಲೆ ನಿಂಬೆ, ವಿನೆಗರ್ ಎಂದು ಬರೆದ ಲಿಕ್ವಿಡ್ ಬೇಡ. ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ಬರೀ ನೀರಿನಲ್ಲಿ ಹಿಂಡಿದ ಬಟ್ಟೆಯಲ್ಲಿ ಎರಡು ಸಲ ಒರೆಸಿ, ಕೊನೆಗೆ ಒಣ ಬಟ್ಟೆ. ಮೂರು ನಾಲ್ಕು ದಿನ ಹೀಗೇ ಮಾಡಿ ನೋಡಿ. ಎಷ್ಟೋ ಮನೆಗಳಲ್ಲಿ ಮುಕ್ಕಾಲು ಬಿಳುಪು ಇಷ್ಟಕ್ಕೇ ಹೋಗುತ್ತದೆ.

ಉಗುರಿಗೆ ಏರು ತಗಲುವಂಥ ಗಟ್ಟಿ ಪದರ ಉಳಿದರೆ ಅದು ನೀರಿನ ಸುಣ್ಣ. ಗ್ರಾನೈಟ್ ಭಾಗದಲ್ಲಿ ಮಾತ್ರ ಹೀಗೆ ಮಾಡಿ. ಸೋಪುನೀರಿನಲ್ಲಿ ಅದ್ದಿದ ಬಟ್ಟೆಯನ್ನು ಇಪ್ಪತ್ತು ನಿಮಿಷ ಪದರದ ಮೇಲೆ ಹಾಸಿ. ಆಮೇಲೆ ಪ್ಲಾಸ್ಟಿಕ್ ಸ್ಕ್ರೇಪರ್‌ನಲ್ಲಿ ಹೆರೆಯಿರಿ. ಅದಕ್ಕೆ ಜಗ್ಗದಿದ್ದರೆ ಹಿಡಿಯಿರುವ ಹೊಸ ಬ್ಲೇಡ್ ಸ್ಕ್ರೇಪರ್ ತೆಗೆದುಕೊಂಡು, ಕಲ್ಲು ಒದ್ದೆಯಿರುವಾಗಲೇ, ಕಲ್ಲಿಗೆ ಹೆಚ್ಚುಕಡಿಮೆ ಮಲಗಿಸಿದ ಕೋನದಲ್ಲಿ, ಮುಂದಕ್ಕೆ ಮಾತ್ರ ತಳ್ಳಿ. ಬ್ಲೇಡಿನ ಮೂಲೆ ಕಲ್ಲಿಗೆ ತಾಗಬಾರದು. ಬೂದು ಗೆರೆ ಬಿದ್ದರೆ ಗಾಬರಿ ಬೇಡ, ಅದು ಕಲ್ಲಿಗೆ ಅಂಟಿದ ಲೋಹ, ಬಿಳಿ ನೈಲಾನ್ ಪ್ಯಾಡಿನಲ್ಲಿ ಹೋಗುತ್ತದೆ. ಹಸಿರು ಸ್ಕ್ರಬ್ಬರ್ ಬೇಡ, ಅದರಲ್ಲಿ ಉಜ್ಜುಪುಡಿ ಅಂಟಿಸಿರುತ್ತಾರೆ. ಸ್ಟೀಲ್ ವುಲ್ ಅಂತೂ ಬೇಡವೇ ಬೇಡ, ಮುರಿದ ಎಳೆಗಳು ಸಿಂಕಿನ ಸಂದಿಯಲ್ಲಿ ಕೂತು ತುಕ್ಕಿನ ಚುಕ್ಕೆಗಳಾಗುತ್ತವೆ.

ಇಷ್ಟಾದರೂ ನಲ್ಲಿಯ ಬುಡದಲ್ಲಿ ಉಳಿದದ್ದಕ್ಕೆ ಕೊನೆಯ ಉಪಾಯವಾಗಿ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಬಳಸಬಹುದು. ಒಂದು ಲೀಟರ್ ನೀರಿಗೆ 10 ಗ್ರಾಂ. ಬಟ್ಟೆಯನ್ನು ಅದರಲ್ಲಿ ಅದ್ದಿ ಹಿಂಡಿ, ಪದರದ ಮೇಲೆ ಮಾತ್ರ ಎರಡು ನಿಮಿಷ ಇಟ್ಟು, ತೆಗೆದು, ಚಿಟಿಕೆ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಒರೆಸಿ, ಬರೀ ನೀರಿನಲ್ಲಿ ತೊಳೆಯಿರಿ. ಮೂಲೆಯಲ್ಲಿ ಪರೀಕ್ಷೆ ಮಾಡದೆ ಹಾಕಬೇಡಿ. ಹಳೆಯ ಕಡಪ ಭಾಗಕ್ಕೆ ಇದು ಒಂದು ಹನಿಯೂ ತಾಗಬಾರದು. ಪದರವೂ ಸುಣ್ಣ, ಕಲ್ಲೂ ಸುಣ್ಣ, ಹುಳಿಗೆ ಭೇದ ಗೊತ್ತಾಗುವುದಿಲ್ಲ. ಎರಡು ಕಲ್ಲು ಕೂಡುವ ಜಾಗದಲ್ಲಿ ಅಗಲವಾದ ಟೇಪು ಹಚ್ಚಿಕೊಂಡು ಕೆಲಸ ಮಾಡಿ.

ನಿಮಗೆ ಬಂದ ಸಲಹೆಗಳನ್ನು ಇಲ್ಲೇ ಮುಗಿಸೋಣ. ವಿನೆಗರ್ ಮತ್ತು ಸೋಡಾ ಬೆರೆಸಿದರೆ ಬುರುಗು ಬರುತ್ತದೆ, ಅದು ಒಂದನ್ನೊಂದು ಕೊಲ್ಲುವ ಬುರುಗು. ಅದು ನಿಂತ ಮೇಲೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಹೆಚ್ಚಿನವು ಹೈಡ್ರೋಕ್ಲೋರಿಕ್ ಆಸಿಡ್. ಕಡಪವನ್ನು ಕಣ್ಣೆದುರೇ ತಿನ್ನುತ್ತದೆ. ಗ್ರಾನೈಟ್‌ನಲ್ಲಿ ಕಬ್ಬಿಣವಿರುವ ಕಪ್ಪು ಹರಳುಗಳನ್ನು ಕೆಡಿಸಿ ಹಳದಿ ಛಾಯೆ ಹುಟ್ಟಿಸಬಹುದು. ಅದರ ಹಬೆಯೇ ಸಾಕು, ಸ್ಟೀಲ್ ಸಿಂಕಿನಲ್ಲಿ ಸಣ್ಣ ಗುಂಡಿ ಬೀಳಲು, ನಲ್ಲಿಯ ಹೊಳಪು ಏಳಲು. ಇದಕ್ಕಿಂತ ದೊಡ್ಡ ಅಪಾಯವೆಂದರೆ ಬ್ಲೀಚ್ ಹಾಕಿದ ಜಾಗಕ್ಕೆ ಇದನ್ನು ಸುರಿಯುವುದು: ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಅಡುಗೆಮನೆಯಲ್ಲಿ ಅದು ಶ್ವಾಸಕೋಶಕ್ಕೆ ನೇರ ಪೆಟ್ಟು. ತುಕ್ಕು ತೆಗೆಯುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಗ್ರಾನೈಟ್‌ನ ಹರಳನ್ನೇ ಕರಗಿಸುವ ರಾಸಾಯನಿಕಗಳು ಇವು, ಚರ್ಮಕ್ಕೆ ತಾಗಿದರೆ ಮೂಳೆಯವರೆಗೂ ಇಳಿಯುತ್ತವೆ. ಲೇಬಲ್ಲಿನಲ್ಲಿ ಆ ಹೆಸರುಗಳಿದ್ದರೆ ಮನೆಗೇ ತರಬೇಡಿ.

ಕೊಬ್ಬರಿ ಎಣ್ಣೆ ಸವರಿದರೆ ಕಲ್ಲು ಕರ್ರಗಾಗುವುದು ನಿಜ. ಸುಣ್ಣದ ಪದರವನ್ನೂ ಮಂಕನ್ನೂ ಎಣ್ಣೆ ಮುಚ್ಚುತ್ತದೆ, ಹೋಗಲಾಡಿಸುವುದಿಲ್ಲ. ದಿನ ಕಳೆದಂತೆ ಅದು ಕಮಟಾಗಿ ಜಿಡ್ಡು ಹಿಡಿದು ಧೂಳು, ಇರುವೆ, ಜಿರಲೆ ಎಲ್ಲವನ್ನೂ ಕರೆಯುತ್ತದೆ. ಮುಂದೆ ಪಾಲಿಶ್ ಅಥವಾ ಸೀಲರ್ (ಕಲ್ಲಿನೊಳಗೆ ಕಲೆ ಇಳಿಯುವುದನ್ನು ನಿಧಾನ ಮಾಡುವ ದ್ರವ) ಹಾಕಿಸುವ ಯೋಚನೆ ಇದ್ದರೆ ಮೊದಲು ಆ ಎಣ್ಣೆ ತೆಗೆಯುವುದೇ ದೊಡ್ಡ ಕೆಲಸ.

ತಿಳಿ ಕಲ್ಲಿನ ಎಣ್ಣೆ, ಅರಿಶಿನಕ್ಕೆ ಬರುತ್ತೇನೆ. ಇಲ್ಲಿ ಉಜ್ಜುವುದರಿಂದ ಪ್ರಯೋಜನವಿಲ್ಲ, ಕಲೆ ಹರಳುಗಳ ನಡುವಿನ ಸೂಕ್ಷ್ಮ ಸಂದಿಗೆ ಇಳಿದಿದೆ. ಅದನ್ನು ಕರಗಿಸಿ ಮೇಲೆಳೆಯುವ ಲೇಪ ಹಾಕಬೇಕು. ಲೇಪದ ತತ್ವ ಸರಳ: ಕಲೆಯನ್ನು ಕರಗಿಸುವ ದ್ರವ ಕಲ್ಲಿಗೆ ಇಳಿಯುತ್ತದೆ, ಮೇಲಿನ ಪುಡಿ ಒಣಗುತ್ತಾ ಹೋದಂತೆ ಆ ದ್ರವ ಕಲೆಯ ಸಮೇತ ಪುಡಿಯ ಕಡೆಗೆ ಏರುತ್ತದೆ. ಆದ್ದರಿಂದ ಲೇಪ ಪೂರ್ತಿ ಒಣಗುವ ತನಕ ಕೈ ಹಚ್ಚದಿರುವುದೇ ಇದರ ಮುಖ್ಯ ಕೆಲಸ. ಅವಸರಪಟ್ಟು ಒದ್ದೆಯಿರುವಾಗಲೇ ಒರೆಸಿದವರಿಗೆ ಕಲೆ ಹಾಗೇ ಇರುತ್ತದೆ, ಕೆಲವೊಮ್ಮೆ ಹರಡಿಯೂ ಇರುತ್ತದೆ.

ಅರಿಶಿನದ ಬಣ್ಣ, ಕರ್ಕ್ಯುಮಿನ್, ನೀರಿನಲ್ಲಿ ಬಹುಮಟ್ಟಿಗೆ ಕರಗುವುದಿಲ್ಲ. ಸ್ಪಿರಿಟ್, ಅಸಿಟೋನ್‌ಗಳಲ್ಲಿ ಕರಗುತ್ತದೆ. ಸೋಪು, ಸೋಡಾ ತಾಗಿದರೆ ಕೆಂಪಾಗುತ್ತದೆ, ಕುಂಕುಮ ಮಾಡುವ ವಿದ್ಯೆಯೇ ಇದು. ಕಟ್ಟೆ ಒರೆಸುವಾಗ ಹಳದಿ ಕಲೆ ಇದ್ದಕ್ಕಿದ್ದಂತೆ ಕೆಂಪಾಯಿತೆಂದು ಹೆದರುವವರಿದ್ದಾರೆ, ಕಲ್ಲಿಗೆ ಏನೂ ಆಗಿರುವುದಿಲ್ಲ. ಆದರೆ ಇದೇ ಕಾರಣಕ್ಕೆ ಅರಿಶಿನದ ಕಲೆಗೆ ಅಡುಗೆ ಸೋಡಾದ ಲೇಪ ಸರಿಯಲ್ಲ. ಬಣ್ಣವಿಲ್ಲದ ಟಾಲ್ಕಂ ಪುಡಿ ಅಥವಾ ಮಡಿಸಿದ ಬಿಳಿ ಟಿಶ್ಯೂ ಕಾಗದ ಬಳಸಿ. ಮುಲ್ತಾನಿ ಮಿಟ್ಟಿಯನ್ನು ಹಲವರು ಹೇಳುತ್ತಾರೆ. ಅದರಲ್ಲಿ ಕಬ್ಬಿಣದ ಅಂಶ ಇರಬಹುದು, ತಿಳಿ ಕಲ್ಲಿನ ಮೇಲೆ ನಾನು ಅದನ್ನು ಒಪ್ಪುವುದಿಲ್ಲ.

ನಮ್ಮ ಅಡುಗೆಮನೆಯಲ್ಲಿ ಅರಿಶಿನ ಒಗ್ಗರಣೆಯ ಎಣ್ಣೆಯ ಜೊತೆಗೇ ಚೆಲ್ಲುತ್ತದೆ. ಹಾಗಾಗಿ ಮೊದಲ ಲೇಪ ಅಸಿಟೋನ್‌ನದು, ಅದು ಎಣ್ಣೆಯನ್ನೂ ಬಣ್ಣವನ್ನೂ ಒಟ್ಟಿಗೆ ಎಳೆಯುತ್ತದೆ. ಪೇಂಟ್ ಅಥವಾ ಕೆಮಿಕಲ್ ಅಂಗಡಿಯಲ್ಲಿ ಶುದ್ಧ ಅಸಿಟೋನ್ ಕೇಳಿ. ನೇಲ್ ಪಾಲಿಶ್ ರಿಮೂವರ್‌ನಲ್ಲಿ ಬಣ್ಣ, ಎಣ್ಣೆ, ಸುಗಂಧ ಇರುತ್ತವೆ, ಅದು ಬೇಡ. ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ. ಬಾಟಲಿ ತೆರೆಯುವ ಮೊದಲು ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ದೇವರ ದೀಪ ಹತ್ತಿರವಿದ್ದರೆ ಆರಿಸಿ, ಕಿಟಕಿ ತೆರೆಯಿರಿ. ಲೇಪ ಪೂರ್ತಿ ಒಣಗುವ ತನಕ ಆ ಕೋಣೆಯಲ್ಲಿ ಒಲೆ ಹಚ್ಚುವುದಿಲ್ಲ ಎಂದು ನಿರ್ಧರಿಸಿಕೊಂಡೇ ಶುರುಮಾಡಿ.

ಪುಡಿಗೆ ಅಸಿಟೋನ್ ಬೆರೆಸಿ ಗಟ್ಟಿ ಚಟ್ನಿಯ ಹದಕ್ಕೆ ತನ್ನಿ. ಕಲೆಯ ಅಂಚಿನಿಂದ ಎರಡು ಸೆಂಟಿಮೀಟರ್ ಹೊರಗಿನವರೆಗೆ, ಅರ್ಧದಿಂದ ಒಂದು ಸೆಂಟಿಮೀಟರ್ ದಪ್ಪ ಹಚ್ಚಿ. ಮೇಲೆ ಅಡುಗೆಗೆ ಬಳಸುವ ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆ ಟೇಪು ಹಾಕಿ 24 ಗಂಟೆ ಬಿಡಿ. ನಂತರ ಹಾಳೆ ತೆಗೆದು, ಪುಡಿ ಬಿರುಕು ಬಿಡುವವರೆಗೆ ಒಣಗಲಿ. ಮರದ ಅಥವಾ ಪ್ಲಾಸ್ಟಿಕ್ ಚಮಚದಲ್ಲಿ ಎಬ್ಬಿಸಿ, ತೊಳೆದು, ಒರೆಸಿ. ಕಲ್ಲು ಪೂರ್ತಿ ಒಣಗಿದ ಮೇಲಷ್ಟೇ ಫಲಿತಾಂಶ ನೋಡಿ. ಹಳೆಯ ಎಣ್ಣೆಗೆ ಮೂರು ನಾಲ್ಕು ಸಲ ಬೇಕಾಗಬಹುದು. ಪ್ರತಿ ಸಲವೂ ಸ್ವಲ್ಪ ತಿಳಿಯಾಗುತ್ತಿದ್ದರೆ ಮುಂದುವರಿಸಿ, ಎರಡು ಸಲಕ್ಕೂ ಏನೂ ಬದಲಾಗದಿದ್ದರೆ ದ್ರವ ತಪ್ಪಾಗಿದೆ ಎಂದರ್ಥ.

ಎಣ್ಣೆ ಹೋಗಿ ಹಳದಿ ಮಾತ್ರ ಉಳಿದರೆ ಎರಡನೆಯ ಹಂತ ಹೈಡ್ರೋಜನ್ ಪೆರಾಕ್ಸೈಡ್. ಮೆಡಿಕಲ್ ಸ್ಟೋರಿನಲ್ಲಿ 6 ಪರ್ಸೆಂಟಿನದು ಸಿಗುತ್ತದೆ. ಟಿಶ್ಯೂ ನೆನೆಸಿ ಕಲೆಯ ಮೇಲಿಟ್ಟು ಅದೇ ರೀತಿ ಮುಚ್ಚಿ. ಕೈಗವಸು ಹಾಕಿಕೊಳ್ಳಿ, ಬಟ್ಟೆಗೆ ತಾಗಿದರೆ ಬಣ್ಣ ಹೋಗುತ್ತದೆ. ಅಸಿಟೋನ್ ಲೇಪ ಪೂರ್ತಿ ತೆಗೆದು, ತೊಳೆದು, ಒಂದು ದಿನ ಬಿಟ್ಟ ನಂತರವೇ ಇದು. ಈ ಎರಡು ದ್ರವ ಸೇರಿದರೆ ಸ್ಫೋಟಕ ವಸ್ತು ಹುಟ್ಟುವ ಸಾಧ್ಯತೆ ಇದೆ, ಒಂದೇ ಬಟ್ಟಲು, ಒಂದೇ ಬಟ್ಟೆ ಕೂಡ ಬಳಸಬೇಡಿ. ಕಪ್ಪು ಕಲ್ಲಿಗೆ ಪೆರಾಕ್ಸೈಡ್ ಹಾಕಬೇಡಿ, ಬಣ್ಣ ಹಾಕಿದ ಕಲ್ಲಾದರೆ ಬಿಳಿಚಿಕೊಳ್ಳುತ್ತದೆ. ಇದೆಲ್ಲ ರಗಳೆ ಎನಿಸಿದರೆ, ಕಟ್ಟೆಗೆ ಕಿಟಕಿಯ ಬಿಸಿಲು ಬೀಳುತ್ತದೆಯೇ ನೋಡಿ. ಕರ್ಕ್ಯುಮಿನ್ ಬಿಸಿಲಿಗೆ ನಿಲ್ಲುವುದಿಲ್ಲ. ಎಣ್ಣೆ ತೆಗೆದ ಮೇಲೆ ಕೆಲವು ದಿನದ ಬಿಸಿಲಿಗೇ ಹಳದಿ ಮಾಸುತ್ತದೆ.

ತಿಳಿ ಕಲ್ಲಿಗೆ ಸೀಲರ್ ಬೇಕೇ ಎಂದು ಕಲ್ಲನ್ನೇ ಕೇಳಿ. ಒಣ ಕಲ್ಲಿನ ಮೇಲೆ ಒಂದು ಚಮಚ ನೀರು ಬಿಟ್ಟು ಹದಿನೈದು ನಿಮಿಷ ಕಳೆದು ಒರೆಸಿ. ಅಡಿಯಲ್ಲಿ ಗಾಢವಾದ ಗುರುತು ಇದ್ದರೆ ಕಲ್ಲು ಕುಡಿಯುತ್ತಿದೆ, ಸೀಲರ್ ಬೇಕು. ಇಲ್ಲವಾದರೆ ಬೇಡ. ಚಾಮರಾಜನಗರದ ಕರಿಕಲ್ಲಿನಂಥ ಒತ್ತಾದ ಕಲ್ಲು ಸೀಲರ್ ಕುಡಿಯುವುದೇ ಇಲ್ಲ. ಹಾಕಿದ್ದೆಲ್ಲ ಮೇಲೆ ಒಣಗಿ ಮತ್ತೊಂದು ಪೊರೆಯಾಗುತ್ತದೆ. ಕೊಳ್ಳುವಾಗ ಒಳಗೆ ಇಳಿಯುವ ಬಗೆಯದನ್ನೇ ಕೇಳಿ, ಮೇಲೆ ಹೊಳಪಿನ ಪದರ ಕಟ್ಟುವುದಲ್ಲ. ಕಲೆ ತೆಗೆದು, 24 ಗಂಟೆ ಒಣಗಿಸಿ, ಬಟ್ಟೆಯಲ್ಲಿ ತೆಳುವಾಗಿ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು (ಸಾಮಾನ್ಯವಾಗಿ 5ರಿಂದ 15 ನಿಮಿಷ) ಬಿಟ್ಟು, ಒಣಗುವ ಮೊದಲೇ ಹೆಚ್ಚಾದದ್ದನ್ನು ಪೂರ್ತಿ ಒರೆಸಿ ತೆಗೆಯಿರಿ. ಇಲ್ಲಿ ಎಡವಿದರೆ ಮಂಜು ಹಿಡಿದಂತೆ ಕಾಣುತ್ತದೆ. ಅದೇ ಸೀಲರ್ ಸ್ವಲ್ಪ ಮತ್ತೆ ಹಚ್ಚಿ, ಮೆತ್ತಗಾದ ಕೂಡಲೇ ಒರೆಸಿದರೆ ಹೋಗುತ್ತದೆ. ನಂತರ ಒಂದು ದಿನ ನೀರು ತಾಗಿಸಬೇಡಿ. ಮತ್ತೆ ಯಾವಾಗ ಹಾಕಬೇಕು ಎಂಬುದನ್ನು ವರ್ಷಕ್ಕೊಮ್ಮೆ ಅದೇ ಚಮಚ ನೀರು ಹೇಳುತ್ತದೆ.

ಸೀಲರ್ ಹಾಕಿದರೆ ಹುಳಿಯಿಂದಲೂ ರಕ್ಷಣೆ ಎಂದು ಅಂಗಡಿಯಲ್ಲಿ ಹೇಳುವುದುಂಟು. ಅದು ಸುಳ್ಳು. ಸೀಲರ್ ಕಲೆ ಇಳಿಯುವುದನ್ನು ನಿಧಾನ ಮಾಡುತ್ತದೆ. ಹುಳಿ ಕೆಲಸ ಮಾಡುವುದು ಕಲ್ಲಿನ ಮೇಲ್ಮೈಯ ಮೇಲೆ, ಅಲ್ಲಿ ಅದನ್ನು ತಡೆಯುವವರಿಲ್ಲ.

ಇನ್ನು ಒಲೆಯ ಪಕ್ಕದ ಮಂಕು ಬಳೆಗಳು, ನಿಮ್ಮ ಪ್ರಶ್ನೆಯ ಕಷ್ಟದ ಭಾಗ. ಕಲ್ಲು ಕಡಪವೇ ಆಗಿದ್ದರೆ ಅವು ಕಲೆಗಳಲ್ಲ, ಎಷ್ಟು ತೊಳೆದರೂ ಹೋಗುವುದಿಲ್ಲ. ಮಜ್ಜಿಗೆಯ ಲೋಟದ ತಳ, ಹುಣಸೆರಸದ ಬಟ್ಟಲು, ಹುಳಿ ಬಂದ ಇಡ್ಲಿ ಹಿಟ್ಟು ಉಕ್ಕಿ ಇಳಿದದ್ದು, ಹೆಚ್ಚಿದ ಟೊಮೆಟೊ, ಹಬ್ಬದ ಹಿಂದಿನ ದಿನ ದೀಪದ ಕಂಬ ಉಜ್ಜಲು ಕಲಸಿಟ್ಟ ಹುಣಸೆಹಣ್ಣು: ಇವೆಲ್ಲ ಸುಣ್ಣವನ್ನು ಕೂದಲೆಳೆಯಷ್ಟು ಕರಗಿಸುತ್ತವೆ. ಕನ್ನಡಿಯಂತಿದ್ದ ಮೈ ಒರಟಾಗಿ ಬೆಳಕು ಚದುರುತ್ತದೆ, ನಮಗೆ ಅದು ಬಿಳುಪಾಗಿ ಕಾಣುತ್ತದೆ.

ಉಗುರು ಎಳೆದಾಗ ವ್ಯತ್ಯಾಸ ಗೊತ್ತಾಗದ ತೆಳು ಮಂಕಾದರೆ ಕೈಯಲ್ಲೇ ಸರಿಮಾಡಬಹುದು. ಹಾರ್ಡ್‌ವೇರ್ ಅಂಗಡಿಯಲ್ಲಿ ಮಾರ್ಬಲ್ ಪಾಲಿಶಿಂಗ್ ಪೌಡರ್ ಸಿಗುತ್ತದೆ. ನುಣ್ಣನೆಯ ಅಲ್ಯೂಮಿನಿಯಂ ಆಕ್ಸೈಡಿಗೆ ಸಾಮಾನ್ಯವಾಗಿ ಆಕ್ಸಾಲಿಕ್ ಆಸಿಡ್ ಬೆರೆಸಿರುತ್ತಾರೆ. ಆಕ್ಸಾಲಿಕ್ ವಿಷ. ಕೈಗವಸು ಹಾಕಿಕೊಳ್ಳಿ, ಮಕ್ಕಳಿಗೆ ಸಿಗದಂತೆ ಇಡಿ, ಕಟ್ಟೆಯ ಮೇಲಿನ ಪಾತ್ರೆ, ಡಬ್ಬಿ, ತಿಂಡಿ ಎಲ್ಲವನ್ನೂ ತೆಗೆದೇ ಡಬ್ಬಿ ತೆರೆಯಿರಿ. ಅಂಗೈ ಅಗಲದ ಜಾಗವನ್ನು ಒದ್ದೆ ಮಾಡಿ ಒಂದು ಟೀ ಚಮಚ ಪುಡಿ ಹಾಕಿ. ಒದ್ದೆ ಫೆಲ್ಟ್ (ಒತ್ತಿ ಮಾಡಿದ ದಪ್ಪ ಉಣ್ಣೆಬಟ್ಟೆ) ತುಂಡನ್ನು ಮರದ ಚೌಕಕ್ಕೆ ಸುತ್ತಿ ವೃತ್ತಾಕಾರವಾಗಿ ಎರಡು ಮೂರು ನಿಮಿಷ ಒತ್ತಿ ಉಜ್ಜಿ. ಒಣಗಲು ಬಿಡಬೇಡಿ, ಹನಿ ಹನಿ ನೀರು ಸೇರಿಸುತ್ತಿರಿ. ಒರೆಸಿ ನೋಡಿ, ಬೇಕಾದರೆ ಇನ್ನೊಂದು ಸಲ. ಮುಗಿದ ಮೇಲೆ ಸೋಪುನೀರಿನಲ್ಲಿ ಒಮ್ಮೆ, ಬರೀ ನೀರಿನಲ್ಲಿ ಎರಡು ಮೂರು ಸಲ ಚೆನ್ನಾಗಿ ತೊಳೆಯಿರಿ. ಇದೇ ಪುಡಿಯನ್ನು ಗ್ರಾನೈಟ್ ಮೇಲೆ ತಿಕ್ಕಿ ತೋಳು ನೋಯಿಸಿಕೊಳ್ಳಬೇಡಿ. ಬೆಂಗಳೂರಿನ ಬಳಿಯ ಜಿಗಣಿಯಂಥ ಕಡೆ ಕಾರ್ಖಾನೆಯಲ್ಲಿ ಭಾರೀ ಯಂತ್ರಗಳು ಒತ್ತಡ ಹಾಕಿ ತಂದ ಹೊಳಪು ಅದು, ಕೈಗೆ ಬರುವುದಿಲ್ಲ.

ಉಗುರಿಗೆ ಅಂಚು ಸಿಕ್ಕಿದರೆ ಡೈಮಂಡ್ ಪ್ಯಾಡು, ಅಂದರೆ ವಜ್ರದ ಪುಡಿ ಕೂಡಿಸಿದ ಅರೆಯುವ ಬಿಲ್ಲೆ ಬೇಕು. ನಂಬರು ಹೆಚ್ಚಿದಷ್ಟೂ ಪ್ಯಾಡು ನುಣ್ಣಗೆ. ಸುಣ್ಣಕಲ್ಲಿಗೆ ಸಾಧಾರಣ ಸವೆತಕ್ಕೆ 400ರ ಪ್ಯಾಡಿನಿಂದ ಶುರುಮಾಡಿ 800, 1500, 3000 ಎಂದು ಏರಬೇಕು. ಆಳವಾದ ಗೀರಿದ್ದರೆ 200ರಿಂದ. ಒಂದು ನಂಬರು ಬಿಟ್ಟು ಹಾರಿದರೆ ಹಿಂದಿನ ಪ್ಯಾಡಿನ ಗೆರೆಗಳು ಹೊಳಪಿನಡಿಯೇ ಉಳಿದು, ಟ್ಯೂಬ್‌ಲೈಟ್ ಹಾಕಿದಾಗ ಸುರುಳಿ ಸುರುಳಿಯಾಗಿ ಕಾಣುತ್ತವೆ. ಪ್ರತಿ ನಂಬರು ಮುಗಿದ ಮೇಲೆ ಕೆಸರನ್ನು ಪೂರ್ತಿ ತೊಳೆಯಬೇಕು, 400ರ ಒಂದು ಕಣ 1500ರ ಕೆಳಗೆ ಸಿಕ್ಕರೆ ಸಾಕು, ಮತ್ತೆ ಮೊದಲಿಂದ. ಬಳೆಯಷ್ಟೇ ಜಾಗವನ್ನು ಅರೆಯಬಾರದು, ಅಲ್ಲಿ ತಗ್ಗಾಗಿ ದೀಪದ ಪ್ರತಿಬಿಂಬ ಬಾಗುತ್ತದೆ. ಸುತ್ತ ಒಂದು ಗೇಣು ಹರಡಿಕೊಂಡು ಅರೆಯಬೇಕು.

ಯಂತ್ರ ಹಿಡಿಯುವವರಿಗೆ ಒಂದು ಮಾತು. ಟೈಲ್ ಕತ್ತರಿಸುವ ಸಾಮಾನ್ಯ ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಪಾಲಿಶ್ ಪ್ಯಾಡಿಗೆ ಬೇಕಾದದ್ದು 1,500ರಿಂದ 3,000. ಹೆಚ್ಚು ವೇಗದಲ್ಲಿ ಪ್ಯಾಡಿನ ರಾಳ ಕರಗಿ ಕಲ್ಲಿಗೆ ಅಂಟುತ್ತದೆ, ಅಂಚು ಕಚ್ಚಿ ಕಮಾನಿನಂಥ ಗುರುತು ಬೀಳುತ್ತದೆ. ವೇಗ ಬದಲಿಸುವ, ನೀರು ಹರಿಸುವ ಪಾಲಿಶರ್ ಬಾಡಿಗೆಗೆ ಸಿಕ್ಕರೆ ಮಾತ್ರ ಕೈ ಹಾಕಿ. ನೀರು ಮತ್ತು ಕರೆಂಟು ಒಟ್ಟಿಗಿರುವುದರಿಂದ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್) ಇರುವ ಪಾಯಿಂಟಿನಿಂದಲೇ ಸಂಪರ್ಕ ಕೊಡಿ. ಗ್ರಾನೈಟನ್ನು ನೀರು ಹಾಕದೆ ಅರೆಯಲು ಯಾರಿಗೂ ಬಿಡಬೇಡಿ. ಆ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಕೂತರೆ ಹೊರಬರುವುದಿಲ್ಲ. ಕಲ್ಲಿನ ಕೆಲಸಗಾರರನ್ನು ಕಾಡುವ ಸಿಲಿಕೋಸಿಸ್‌ಗೆ ಕಾರಣ ಇದೇ.

ನನ್ನ ಅಭಿಪ್ರಾಯ ಕೇಳಿದರೆ, ಕಡಪದ ಕಟ್ಟೆಗೆ ಕನ್ನಡಿ ಹೊಳಪು ಮತ್ತೆ ತರಿಸುವುದು ದುಡ್ಡು ದಂಡ. ಹುಳಿಯಿಲ್ಲದ ಅಡುಗೆ ನಮ್ಮಲ್ಲಿಲ್ಲ, ತಿಂಗಳೊಳಗೆ ಹೊಸ ಬಳೆಗಳು ಬರುತ್ತವೆ. ಇಡೀ ಕಟ್ಟೆಯನ್ನು ಒಂದೇ ಸಮನಾಗಿ 400ರವರೆಗೆ ಅರೆಸಿ ಅಲ್ಲೇ ನಿಲ್ಲಿಸಿ. ರೇಷ್ಮೆಯಂಥ ಮಂದ ಕಪ್ಪು ಬರುತ್ತದೆ. ಮಂಕಿನ ಮೇಲೆ ಮಂಕು ಬಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಹಾಗೆ ಅರೆದ ಮೈ ಎಣ್ಣೆಯನ್ನು ಸ್ವಲ್ಪ ಹೆಚ್ಚು ಕುಡಿಯುತ್ತದೆ, ಅದಕ್ಕೆ ಒಳಗಿಳಿಯುವ ಸೀಲರ್ ಹಾಕಿಸಿ. ಹುಳಿ ಪದಾರ್ಥಕ್ಕೆ ಒಂದು ಸ್ಟೀಲ್ ತಟ್ಟೆ ಕಾಯಂ ಇರಲಿ.

ಪಾಲಿಶ್‌ನವರನ್ನು ಕರೆಸಿದಾಗ ಚದರ ಅಡಿಗೆ ಎಷ್ಟು ಎಂದು ಕೇಳುವ ಮೊದಲು ಇವನ್ನು ಕೇಳಿ: ಯಾವ ನಂಬರಿನಿಂದ ಯಾವ ನಂಬರಿನವರೆಗೆ ಹೋಗುತ್ತೀರಿ? ನೀರು ಹಾಕಿ ಅರೆಯುತ್ತೀರಾ? ಕಡಪಕ್ಕೂ ಗ್ರಾನೈಟ್‌ಗೂ ಪುಡಿ ಬೇರೆಯೇ? ಸ್ಟೌವ್ ಹಿಂದಿನ ಮೂಲೆಯನ್ನು ಹೇಗೆ ಮಾಡುತ್ತೀರಿ? ದೊಡ್ಡ ಯಂತ್ರ ಅಲ್ಲಿಗೆ ಹೋಗುವುದಿಲ್ಲ. ಎಷ್ಟೋ ಕೆಲಸಗಳು ಆ ಮೂಲೆಯಲ್ಲೇ ಬಯಲಾಗುತ್ತವೆ. ಒಂದು ಚದರ ಅಡಿ ಮಾಡಿ ತೋರಿಸಿ ಎನ್ನಿ. ಅದು ಒಣಗಿದ ಮೇಲೆ ಅಸಿಟೋನ್ ಬಟ್ಟೆಯಲ್ಲಿ ಒರೆಸಿ. ಹೊಳಪು ಇಳಿದರೆ ಅವರು ಹಚ್ಚಿದ್ದು ಮೇಣ. ಕೆಮಿಕಲ್ ಕೋಟಿಂಗ್, ಲ್ಯಾಕರ್ ಹಾಕಿಕೊಡುತ್ತೇವೆ ಎಂದರೆ ಬೇಡವೆನ್ನಿ. ಬಿಸಿ ಕುಕ್ಕರ್ ಇಟ್ಟ ಕಡೆ ಅದು ಗುಳ್ಳೆ ಎದ್ದು ಸುಲಿಯುತ್ತದೆ, ಆಮೇಲೆ ಅದನ್ನು ತೆಗೆಸಲು ಇನ್ನೊಬ್ಬರನ್ನು ಕರೆಸಬೇಕು.

ಕುಕ್ಕರಿನ ಮಾತು ಬಂತು. ಗ್ರಾನೈಟ್ ಬಿಸಿ ತಡೆಯುತ್ತದೆ, ಆದರೆ ಸ್ಟೌವ್ ಕೂರಿಸಲು ಕತ್ತರಿಸಿದ ಕಿಂಡಿಯ ಮುಂದೆ ಹಿಂದೆ ಉಳಿದ ಎರಡು ಮೂರು ಇಂಚಿನ ಪಟ್ಟಿ ದುರ್ಬಲ. ಒಂದೇ ಕಡೆ ತಟ್ಟನೆ ಬಿಸಿಯಾದರೆ ಕಿಂಡಿಯ ಮೂಲೆಯಿಂದ ಬಿರುಕು ಹೊರಡುತ್ತದೆ. ಅಲ್ಲಿ ಸಿಂಬಿ ಇಟ್ಟೇ ಪಾತ್ರೆ ಇಳಿಸಿ.

ಸಿಂಕಿನ ಅಂಚಿನ ಸಂದಿಗೆ ತುಂಬಿದ ಸಿಲಿಕೋನ್ ಅಂಟು ಕಪ್ಪಾಗಿದ್ದರೆ ಅದಕ್ಕೆ ಬ್ಲೀಚ್ ಹಾಕಿ ಕಲ್ಲನ್ನು ಕೆಡಿಸಬೇಡಿ. ಹಳೆಯದನ್ನು ಕತ್ತರಿಸಿ ತೆಗೆದು, ಎರಡು ದಿನ ಒಣಗಿಸಿ, ಹೊಸದು ತುಂಬಿಸಿ. ಕೊಳ್ಳುವಾಗ ನ್ಯೂಟ್ರಲ್ ಎಂದು ಬರೆದದ್ದನ್ನೇ ತೆಗೆದುಕೊಳ್ಳಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ, ಸುಣ್ಣಕಲ್ಲಿನ ಅಂಚಿಗೆ ಅದೂ ಹುಳಿಯೇ.